ಅಗಸ್ಟಸ್ ಡೆಸ್ಟೆಯ ದಿನಚರಿ: ಹೆಸರಿಲ್ಲದ ವ್ಯಾಧಿಯೊಂದರ ಚರಿತ್ರೆ

ವೈದ್ಯಶಾಸ್ತ್ರದ ಚರಿತ್ರೆಯು ಬಹುಮಟ್ಟಿಗೆ ವೈದ್ಯರು ಬರೆದಿಟ್ಟ ಗ್ರಂಥಗಳ ಆಧಾರದ ಮೇಲೆಯೇ ರಚಿತವಾದುದು. ರೋಗವನ್ನು ಮೊದಲು ಗುರುತಿಸಿದವರು, ಅದಕ್ಕೆ ಹೆಸರಿಟ್ಟವರು, ಔಷಧವನ್ನು ಶೋಧಿಸಿದವರು, ಇವರೆಲ್ಲರ ನಾಮಾವಳಿಯು ಕಾಲಾನುಕ್ರಮವಾಗಿ ದೊರೆಯುತ್ತದೆ. ರೋಗವನ್ನು ಅನುಭವಿಸಿದವರ ಮಾತಿಗೆ ಮಾತ್ರ ಆ ಮಾಲೆಯಲ್ಲಿ ಎಡೆ ದೊರೆತಿರುವುದು ವಿರಳ. ಆದುದರಿಂದಲೇ 1822ನೆಯ ಇಸವಿಯಿಂದ 1846ನೆಯ ಇಸವಿಯವರೆಗಿನ ಸಂಗತಿಗಳನ್ನು ತಿಳಿಸುವ, ರೋಗಿಯೊಬ್ಬನು ಸ್ವಹಸ್ತದಿಂದ ಬರೆದ ದಿನಚರಿಯೊಂದು ಚರಿತ್ರಕಾರರಿಗೆ ಅಮೂಲ್ಯವಾದ ಸಾಮಗ್ರಿಯಾಗಿದೆ. ಇದನ್ನು ಬರೆದವನು ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ಮೊಮ್ಮಗನಾದ ಸರ್ ಅಗಸ್ಟಸ್ ಫ್ರೆಡರಿಕ್ ಡೆಸ್ಟೆ. ಇಂದು ಮಲ್ಟಿಪಲ್ ಸ್ಕ್ಲೀರೋಸಿಸ್ ಎಂದು ಪ್ರಸಿದ್ಧವಾಗಿರುವ ನರವ್ಯಾಧಿಯ ಸವಿಸ್ತಾರವಾದ ಪ್ರಥಮ ವರ್ಣನೆಯು ಈ ದಿನಚರಿಯೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಅಂಗೀಕರಿಸಿದ್ದಾರೆ. ಬರೆದವನಿಗಾದರೋ ಆ ಹೆಸರು ಕಡೆಯವರೆಗೂ ತಿಳಿದಿರಲಿಲ್ಲ, ತಿಳಿಯುವಂತೆಯೂ ಇರಲಿಲ್ಲ.

ಡೆಸ್ಟೆಯ ಜನ್ಮವೃತ್ತಾಂತವನ್ನು ಮೊದಲು ಹೇಳದೆ ಅವನ ಒಂಟಿತನವನ್ನು ವಿವರಿಸುವುದು ಸಾಧ್ಯವಿಲ್ಲ. ಮೂರನೆಯ ಜಾರ್ಜ್ ದೊರೆಯ ಆರನೆಯ ಮಗನಾದ ಅಗಸ್ಟಸ್ ಫ್ರೆಡರಿಕನು 1793ನೆಯ ಇಸವಿ ಏಪ್ರಿಲ್ ತಿಂಗಳಿನಲ್ಲಿ ರೋಮ್ ನಗರದಲ್ಲಿ ಡನ್ಮೋರ್ ಪ್ರಭುವಿನ ಮಗಳಾದ ಲೇಡಿ ಅಗಸ್ಟಾ ಮರೆ ಎಂಬಾಕೆಯನ್ನು ರಹಸ್ಯವಾಗಿ ವಿವಾಹವಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಹ್ಯಾನೋವರ್ ಚೌಕದ ಸೇಂಟ್ ಜಾರ್ಜ್ ದೇವಾಲಯದಲ್ಲಿ ಎರಡನೆಯ ಬಾರಿ ವಿವಾಹವಿಧಿಯು ನಡೆಯಿತು. 1772ನೆಯ ಇಸವಿಯ ರಾಜವಿವಾಹ ಶಾಸನದಂತೆ ಎರಡನೆಯ ಜಾರ್ಜನ ವಂಶಸ್ಥರು ದೊರೆಯ ಸಮ್ಮತಿಯಿಲ್ಲದೆ ಮಾಡಿಕೊಂಡ ವಿವಾಹವು ಅಸಿಂಧುವಾಗುತ್ತಿದ್ದುದರಿಂದ 1794ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಧರ್ಮನ್ಯಾಯಾಲಯವು ಈ ವಿವಾಹವನ್ನು ರದ್ದುಪಡಿಸಿತು. ಅಷ್ಟರಲ್ಲಿ ಆ ವರ್ಷದ ಜನವರಿ 13ರಂದು ಗಂಡುಮಗುವು ಜನಿಸಿದ್ದಿತು. ಏಳು ತಿಂಗಳ ಕೂಸು ಶಾಸನದ ದೃಷ್ಟಿಯಲ್ಲಿ ಔರಸಪುತ್ರನ ಸ್ಥಾನವನ್ನು ಕಳೆದುಕೊಂಡಿತು. 1801ರಲ್ಲಿ ಒಬ್ಬ ಮಗಳು ಹುಟ್ಟಿದಳು. ಆ ವರ್ಷವೇ ರಾಜಕುಮಾರನಿಗೆ ಸಸೆಕ್ಸ್ ಡ್ಯೂಕ್ ಎಂಬ ಪದವಿಯು ದೊರೆಯಿತು, ದಂಪತಿಗಳು ಬೇರೆಯಾದರು. ತಂದೆತಾಯಿಗಳಿಬ್ಬರ ವಂಶಗಳಿಗೂ ಮೂಲವೆನ್ನಲಾದ ಇಟಲಿಯ ಎಸ್ಟೆ ಮನೆತನದ ಹೆಸರನ್ನು ಮಕ್ಕಳಿಬ್ಬರೂ ಧರಿಸಿದರು. ರಾಜರಕ್ತವುಳ್ಳವನಾದರೂ ರಾಜವಂಶಕ್ಕೆ ಸೇರದವನು, ಶ್ರೀಮಂತರ ನಡುವೆ ಬೆಳೆದರೂ ಅವರಲ್ಲೊಬ್ಬನೆನಿಸದವನು: ಹೀಗೆ ಎರಡು ಮನೆಗಳ ಹೊಸ್ತಿಲುಗಳ ನಡುವೆ ಡೆಸ್ಟೆಯ ಜೀವನವು ಸಾಗಿತು.

ಹ್ಯಾರೋ ಶಾಲೆಯಲ್ಲಿ ವ್ಯಾಸಂಗಮಾಡಿ, ಅನಂತರ ಸೈನ್ಯವನ್ನು ಸೇರಿ, 1815ನೆಯ ಇಸವಿ ಜನವರಿಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬಳಿ ನಡೆದ ಕಾಳಗದ ಕಾಲದಲ್ಲಿ ಸೇನಾನಿ ಸರ್ ಜಾನ್ ಲ್ಯಾಂಬರ್ಟನ ಅಂಗಸಹಾಯಕನಾಗಿ ಅವನು ಸೇವೆಸಲ್ಲಿಸಿದನು. ಆಗ ಅವನಿಗೆ ಸುಮಾರು ಇಪ್ಪತ್ತೊಂದು ವರ್ಷ; ಆರೋಗ್ಯವಂತನಾದ ದೃಢಕಾಯನು. ಅಮೆರಿಕದ ಮೂಲನಿವಾಸಿಗಳ ವಿಷಯದಲ್ಲಿ ಅವನಲ್ಲಿ ಮೂಡಿದ ಆದರವು ಜೀವನಪರ್ಯಂತ ಉಳಿಯಿತು. ಓಜಿಬ್ವೆ ಜನಾಂಗದ ಧರ್ಮಬೋಧಕನಾದ ಪೀಟರ್ ಜೋನ್ಸನು ಇಂಗ್ಲೆಂಡಿಗೆ ಬಂದಾಗ ಇವನ ಸ್ನೇಹವು ಅವನಿಗೆ ಲಭಿಸಿದ್ದಿತು. ತನ್ನ ಹಕ್ಕಿಗಾಗಿ ತಾನೇ ಹೋರಾಡುತ್ತಿದ್ದವನು ನೆಲವನ್ನು ಕಳೆದುಕೊಂಡ ಪರದೇಶದವರ ಹಕ್ಕಿಗಾಗಿಯೂ ಮಾತನಾಡಿದುದು ಆಶ್ಚರ್ಯವೇನೂ ಅಲ್ಲ.

ದಿನಚರಿಯ ಆರಂಭವು 1822ನೆಯ ಇಸವಿ ಡಿಸೆಂಬರ್ ತಿಂಗಳಿನದು. ತಾನು ಮಗನಂತೆ ಪ್ರೀತಿಸುತ್ತಿದ್ದ ಬಂಧುವೊಬ್ಬನನ್ನು ನೋಡುವ ಸಲುವಾಗಿ ಡೆಸ್ಟೆಯು ರ್‍ಯಾಮ್ಸ್‌ಗೇಟಿನಿಂದ ಸ್ಕಾಟ್ಲೆಂಡಿನ ಬೆಟ್ಟನಾಡಿಗೆ ಪ್ರಯಾಣಮಾಡಿದನು. ಅಲ್ಲಿಗೆ ಹೋಗುವ ವೇಳೆಗೆ ಆ ಬಂಧುವು ಗತಿಸಿದ್ದನು. ಉತ್ತರಕ್ರಿಯೆಯ ಸಮಯದಲ್ಲಿ ಬಹುಜನರ ಇದಿರಿಗೆ ಕಣ್ಣೀರನ್ನು ಪ್ರಯತ್ನಪೂರ್ವಕವಾಗಿ ತಡೆದುಕೊಂಡನೆಂದು ಅವನೇ ಬರೆದಿದ್ದಾನೆ. ಆ ಬಳಿಕ ಸ್ವಲ್ಪ ಕಾಲದಲ್ಲಿಯೇ ಕಾಗದಗಳನ್ನು ಬೇರೊಬ್ಬರಿಂದ ಓದಿಸಿಕೊಳ್ಳಬೇಕಾಯಿತು. ಉತ್ತರಗಳನ್ನೂ ಬೇರೊಬ್ಬರಿಂದ ಬರೆಯಿಸಬೇಕಾಯಿತು. ಸಣ್ಣ ವಸ್ತುಗಳ ಮೇಲೆ ದೃಷ್ಟಿಯಿಟ್ಟರೆ ಅವು ಮಸುಕಾಗುತ್ತಿದ್ದವು. ಓದಲು ತೊಡಗಿದಾಗ, ಇಲ್ಲವೆ ಗರಿಯ ಲೇಖನಿಯ ತುದಿಯನ್ನು ಕೊರೆಯಲು ಹೋದಾಗ ಮಾತ್ರ ಈ ದೋಷವು ಅವನ ಗಮನಕ್ಕೆ ಬರುತ್ತಿದ್ದಿತು. ಅನಂತರ ಐರ್ಲೆಂಡಿಗೆ ಹೋದನು. ಯಾವ ಚಿಕಿತ್ಸೆಯನ್ನೂ ಮಾಡದಿದ್ದರೂ ಕಣ್ಣುಗಳು ಸಂಪೂರ್ಣವಾಗಿ ಮೊದಲಿನ ಸ್ಥಿತಿಗೆ ಬಂದವು.

ಈ ಒಂದು ವಾಕ್ಯವು, ಎಂದರೆ ಚಿಕಿತ್ಸೆಯಿಲ್ಲದೆ ಗುಣವಾಯಿತೆಂಬುದು, ಇಡೀ ದಿನಚರಿಯಲ್ಲಿ ಬಹುಶಃ ಅತ್ಯಂತ ಮಹತ್ವದ ಉಲ್ಲೇಖ. ಬರುವುದು, ಹೋಗುವುದು, ಮತ್ತೆ ಬರುವುದು ಈ ವ್ಯಾಧಿಯ ಸ್ವಭಾವ. ರೋಗವು ತಾನಾಗಿಯೇ ಹಿಂದಕ್ಕೆ ಸರಿದಾಗ ಆ ಸಮಯದಲ್ಲಿ ಕೈಯಲ್ಲಿದ್ದ ಔಷಧಕ್ಕೆ ಕೀರ್ತಿಯು ಸಲ್ಲುವುದು ಲೋಕರೂಢಿ. ಡೆಸ್ಟೆಗೆ ಮೊದಲ ಸಲ ಯಾವ ಔಷಧವೂ ಇಲ್ಲದಿದ್ದುದು ಚರಿತ್ರಕಾರನ ಭಾಗ್ಯವೆನ್ನಬೇಕು. ರೋಗದ ಸಹಜಗತಿಯು ಕಲಬೆರಕೆಯಿಲ್ಲದೆ ದಾಖಲೆಗೆ ಬಂದಿತು.

1826ನೆಯ ಇಸವಿ ಜನವರಿಯಲ್ಲಿ ಕಣ್ಣಿನ ತೊಂದರೆಯು ಮರುಕಳಿಸಿತು. ಜರ್ಮನಿಯ ಡ್ರಿಬುರ್ಗಿನಲ್ಲಿರುವ ಲೋಹಾಂಶವುಳ್ಳ ಊಟೆಯ ನೀರನ್ನು ಸೇವಿಸಿದುದಾಯಿತು. ಆದರೆ ನಿಜವಾದ ಆಘಾತವು ಒದಗಿದುದು ಮರುವರ್ಷ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. 1827ನೆಯ ಇಸವಿ ಅಕ್ಟೋಬರಿನಲ್ಲಿ ದೃಷ್ಟಿಯು ಕಲಸಿದಂತಾಗತೊಡಗಿ, ನವೆಂಬರಿನ ಮೊದಲ ವಾರದ ಹೊತ್ತಿಗೆ ಕಂಡ ವಸ್ತುವೆಲ್ಲವೂ ಎರಡೆರಡಾಗಿ ತೋರುತ್ತಿದ್ದಿತು. ಅಲ್ಲಿ ಕಿಸ್ಸಾಕ್ ಎಂಬ ವೈದ್ಯನು ಇದಕ್ಕೆ ಪಿತ್ತವೇ ಕಾರಣವೆಂದು ಊಹಿಸಿದನು. ಕಪೋಲದ ಮೇಲ್ಭಾಗಕ್ಕೆ ಜಿಗಣೆಗಳನ್ನು ಕಚ್ಚಿಸಿದರು. ವಿರೇಚನವನ್ನೂ ವಮನವನ್ನೂ ಮಾಡಿಸಿದರು. ತೋಳಿನಿಂದ ರಕ್ತವನ್ನು ತೆಗೆದರು. ದ್ವಿದೃಷ್ಟಿಯು ತಗ್ಗಿತು. ಹೊರಗೆ ಹೋಗಿ ನಡೆದಾಡುವಷ್ಟು ಶಕ್ತಿಯೂ ಬಂದಿತು. ಅಷ್ಟರಲ್ಲಿ ಹೊಸದೊಂದು ಉಪದ್ರವವು ತಲೆದೋರಿತು: ದಿನದಿನಕ್ಕೂ ಕಾಲುಗಳ ಬಲವು ಕುಂದುತ್ತ ಬಂದಿತು, ಬೆನ್ನುಮೂಳೆಯ ಕೆಳತುದಿಯಲ್ಲಿ ಜೋಮು ಹಿಡಿದಂತೆ ಸ್ಪರ್ಶಜ್ಞಾನವು ಮಂದವಾಯಿತು. ಡಿಸೆಂಬರಿನ ಮೊದಲ ವಾರದಲ್ಲಿ ಶೌಚಕ್ಕೆ ಹೋಗುವಾಗ ಎರಡು ಸಲ ನೆಲಕ್ಕೆ ಬಿದ್ದನು. ಎತ್ತಿ ನಿಲ್ಲಿಸಲು ಸೇವಕನ ಹೊರತು ಯಾರೂ ಇರಲಿಲ್ಲ.

ಇಪ್ಪತ್ತೊಂದು ದಿನಗಳ ಕಾಲ ಅವನು ಹೀಗೆ ಶಕ್ತಿಗುಂದಿ ಮಲಗಿದ್ದನು. ಇಲ್ಲಿ ಚಿಕಿತ್ಸೆಯ ದಿಕ್ಕು ಸಂಪೂರ್ಣವಾಗಿ ತಿರುಗಿತು. ಕೆಲವು ವಾರಗಳ ಹಿಂದೆ ರಕ್ತವನ್ನು ತೆಗೆದು ದೇಹವನ್ನು ಇಳಿಸಿದವರ ಕ್ರಮಕ್ಕೆ ವಿರುದ್ಧವಾಗಿ ಈಗ ದಿನಕ್ಕೆರಡು ಬಾರಿ ಹುರಿದ ಮಾಂಸ, ಪೋರ್ಟರ್ ಎಂಬ ಕಪ್ಪು ಬಿಯರು, ಷೆರಿ, ಮಡೀರಾ ಮದ್ಯಗಳು, ಮೈಗೆ ಲೇಪದ ಮರ್ದನ, ಇವುಗಳಿಂದ ದೇಹವನ್ನು ಏರಿಸುವ ಯತ್ನವು ನಡೆಯಿತು. ಪುನಃ ಬಲವು ಬಂದಿತು. ಮೊದಲನೆಯ ಕ್ರಮದಿಂದ ಕಣ್ಣು ಗುಣವಾಯಿತೆಂದೂ ಎರಡನೆಯ ಕ್ರಮದಿಂದ ಕಾಲು ಗುಣವಾಯಿತೆಂದೂ ಡೆಸ್ಟೆಯು ನಂಬಿದ್ದರೆ ಅದು ಅವನ ದೋಷವಲ್ಲ. ಪರಸ್ಪರ ವಿರುದ್ಧವಾದ ಎರಡು ಚಿಕಿತ್ಸೆಗಳೂ ಫಲಿಸಿದಂತೆ ತೋರುವುದಕ್ಕೆ ಕಾರಣವೇನೆಂಬ ಪ್ರಶ್ನೆಯನ್ನು ಆ ಕಾಲದ ವೈದ್ಯರೇ ಕೇಳಿಕೊಂಡಂತೆ ಕಾಣುವುದಿಲ್ಲ.

ಮುಂದಿನ ಹದಿನೈದು ವರ್ಷಗಳ ಉಲ್ಲೇಖಗಳು ಇಷ್ಟು ನಾಟಕೀಯವಾಗಿಲ್ಲವಾದರೂ ಅವುಗಳಲ್ಲಿಯೇ ರೋಗದ ನಿಜವಾದ ಭಾರವು ಗೋಚರಿಸುತ್ತದೆ. ಮೂತ್ರಸಂಬಂಧವಾದ ತೊಂದರೆ, ಪುರುಷತ್ವದ ಕುಂದು ಮೊದಲಾದ, ಆ ಕಾಲದ ಶ್ರೀಮಂತನೊಬ್ಬನು ಬಾಯಿಬಿಟ್ಟು ಹೇಳಲಾರದಂತಹ ಸಂಗತಿಗಳನ್ನೂ ಅವನು ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ. ನಡಿಗೆಗೆ ಊರುಗೋಲು ಬೇಕಾಯಿತು. 1840ರ ಅನಂತರದ ವರ್ಷಗಳಲ್ಲಿ ಗಾಲಿಯ ಕುರ್ಚಿಯೂ ಅಗತ್ಯವಾಯಿತು. ತಲೆಸುತ್ತು, ರಾತ್ರಿಯಲ್ಲಿ ಕಾಲುಗಳ ಸೆಳೆತ ಇವು ಸೇರಿಕೊಂಡವು. ಆಸರೆಯೊಡನೆ ಎಷ್ಟು ದೂರ, ಆಸರೆಯಿಲ್ಲದೆ ಎಷ್ಟು ದೂರ ನಡೆಯಬಲ್ಲೆನೆಂಬುದನ್ನು ಅವನು ಗಮನಿಸಿ ಗುರುತುಹಾಕುತ್ತಿದ್ದನು. ಖನಿಜಜಲದ ಸ್ನಾನ, ಮರ್ದನ, ಕ್ವಿನೈನ್, ಸ್ಟ್ರಿಕ್ನೈನ್, ವಿದ್ಯುತ್ಪ್ರಯೋಗ, ಹೀಗೆ ಆ ಶತಮಾನದ ಔಷಧಭಂಡಾರವೆಲ್ಲವೂ ಅವನ ಮೇಲೆ ಪ್ರಯೋಗಿಸಲ್ಪಟ್ಟಿತು. ಪ್ರತಿಯೊಂದನ್ನೂ ಅವನು ಭರವಸೆಯಿಂದ ಆರಂಭಿಸಿದನು.

ಆಸರೆಯೆಂಬುದು ಎಷ್ಟಿದ್ದಿತು? ಹಣವೂ ಸೇವಕರೂ ಇದ್ದುದರಿಂದ ಬಡರೋಗಿಯ ಪಾಡು ಅವನದಾಗಲಿಲ್ಲವೆಂಬುದನ್ನು ಮರೆಯಬಾರದು. ಆದರೆ ಡೆಸ್ಟೆಯು ಅವಿವಾಹಿತನು. ತಾಯಿಯು 1830ನೆಯ ಇಸವಿ ಮಾರ್ಚಿಯಲ್ಲಿ ತೀರಿಕೊಂಡಳು. ತಂದೆಯು ಮರುವರ್ಷವೇ ಮತ್ತೊಬ್ಬಳನ್ನು, ಪುನಃ ದೊರೆಯ ಸಮ್ಮತಿಯಿಲ್ಲದೆ, ವಿವಾಹವಾದನು. ಸಸೆಕ್ಸ್ ಡ್ಯೂಕನು 1830ರಿಂದ 1838ರವರೆಗೆ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದವನು ಎಂಬುದನ್ನು ಇಲ್ಲಿ ನೆನೆಯಬಹುದು. ದೇಶದ ವಿಜ್ಞಾನಿಗಳ ಪ್ರಧಾನ ಪೀಠದಲ್ಲಿ ತಂದೆಯು ಕುಳಿತಿದ್ದ ಕಾಲದಲ್ಲಿಯೇ ಮಗನು ತನ್ನ ಕಾಲುಗಳು ಏಕೆ ಸೋಲುತ್ತಿವೆಯೆಂಬುದನ್ನು ತಿಳಿಯದೆ ಊರಿಂದೂರಿಗೆ ವೈದ್ಯರನ್ನು ಹುಡುಕಿಕೊಂಡು ತಿರುಗುತ್ತಿದ್ದನು. 1843ನೆಯ ಇಸವಿ ಏಪ್ರಿಲಿನಲ್ಲಿ ಡ್ಯೂಕನು ಮೃತನಾದ ಮೇಲೆ ಮಗನು ತಂದೆಯ ಪದವಿಗೆ ಹಕ್ಕುಸಾಧಿಸಿದನು. ರೋಮಿನಲ್ಲಿ ನಡೆದ ವಿವಾಹವು ಅಲ್ಲಿಯ ಧರ್ಮನಿಯಮದಂತೆ ಸಿಂಧುವಾದುದೆಂಬ ವಿಷಯದಲ್ಲಿ, ಮುಂದೆ ಕಾರ್ಡಿನಲ್ ಪದವಿಗೇರಿದ ನಿಕೊಲಸ್ ವೈಸ್‌ಮನ್ನನು ತಜ್ಞಸಾಕ್ಷಿಯಾಗಿ ಬಂದು ನುಡಿದನು. ಆದರೂ ರಾಜವಿವಾಹ ಶಾಸನವು ದೇಶದ ಹೊರಗೆ ನಡೆದ ವಿವಾಹಗಳಿಗೂ ಅನ್ವಯಿಸುವುದೆಂದು 1844ನೆಯ ಇಸವಿಯಲ್ಲಿ ಪ್ರಭುಸಭೆಯು ತೀರ್ಮಾನಿಸಿ ಹಕ್ಕನ್ನು ತಿರಸ್ಕರಿಸಿತು. ಈ ವ್ಯಾಜ್ಯವು ಆಂಗ್ಲ ನ್ಯಾಯಶಾಸ್ತ್ರದಲ್ಲಿ ಇಂದಿಗೂ ಉದ್ಧೃತವಾಗುತ್ತದೆ. ವ್ಯಾಜ್ಯವನ್ನು ಹೂಡಿದವನು ಆಗ ನಿಲ್ಲಲಾರದ ಸ್ಥಿತಿಯಲ್ಲಿದ್ದನೆಂಬುದನ್ನು ನ್ಯಾಯಗ್ರಂಥಗಳು ಹೇಳುವುದಿಲ್ಲ. ಹುಟ್ಟಿಗೆ ಸಲ್ಲಬೇಕಾದ ಹೆಸರನ್ನು ಪ್ರಭುಸಭೆಯೂ, ರೋಗಕ್ಕೆ ಸಲ್ಲಬೇಕಾದ ಹೆಸರನ್ನು ವೈದ್ಯಮಂಡಲಿಯೂ ಅವನಿಗೆ ಕೊಡದೆಹೋದವು.

ವೈದ್ಯರನ್ನು ನಿಂದಿಸುವುದು ಸುಲಭ, ಆದರೆ ನ್ಯಾಯವಲ್ಲ. ಕಣ್ಣಿನ ಒಳಪದರವನ್ನು ನೋಡುವ ಉಪಕರಣವನ್ನು ಹೆಲ್ಮ್‌ಹೋಲ್ಟ್ಸನು ನಿರ್ಮಿಸಿದುದು 1851ರಲ್ಲಿ. ಮೊಣಕಾಲ ಚಿಪ್ಪಿನ ಕೆಳಗೆ ತಟ್ಟಿ ನರಗಳ ಸ್ಥಿತಿಯನ್ನು ಪರೀಕ್ಷಿಸುವ ಕ್ರಮವನ್ನು ಎರ್ಬ್ ಮತ್ತು ವೆಸ್ಟ್‌ಫಾಲರು ಪ್ರಕಟಿಸಿದುದು 1875ರಲ್ಲಿ. ಅಂಗಾಲನ್ನು ಕೆರೆದಾಗ ಹೆಬ್ಬೆರಳು ಮೇಲಕ್ಕೇಳುವುದರ ಅರ್ಥವನ್ನು ಬಾಬಿನ್ಸ್ಕಿಯು ತಿಳಿಸಿದುದು 1896ರಲ್ಲಿ. ಇವು ಯಾವುವೂ ಇಲ್ಲದ ಕಾಲದಲ್ಲಿ ಕಾಲುಗಳ ಪಕ್ಷಾಘಾತವೆಂಬ ಮಾತಿನಾಚೆಗೆ ಹೋಗುವುದು ವೈದ್ಯರಿಗೆ ದುಸ್ಸಾಧ್ಯವಾಗಿದ್ದಿತು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯವಾದ ವಾತವ್ಯಾಧಿಪ್ರಕರಣವನ್ನು ಓದಿದ ವಾಚಕರಿಗೆ ಈ ಸ್ಥಿತಿಯು ಅಪರಿಚಿತವೆನಿಸದು. ಅಲ್ಲಿಯೂ ಅಂಗಾಂಗಗಳ ಸೋಲು, ಸೆಳೆತ, ಕಂಪ ಇವು ಒಂದೊಂದೂ ಹೆಸರನ್ನು ಪಡೆದಿವೆ. ಆದರೆ ಇಂದು ಕಣ್ಣು, ನಾಲ್ಕು ವರ್ಷಗಳ ಮೇಲೆ ಕಾಲು, ಮತ್ತೆ ಹತ್ತು ವರ್ಷಗಳ ಮೇಲೆ ತಲೆಸುತ್ತು, ಇವೆಲ್ಲ ಒಂದೇ ಬೇರಿನ ಚಿಗುರುಗಳೆಂದು ಕಾಣಬೇಕಾದರೆ ಒಬ್ಬನೇ ರೋಗಿಯನ್ನು ಒಬ್ಬನೇ ವೈದ್ಯನು ಬಹುಕಾಲ ನೋಡಿರಬೇಕು.

ಇಲ್ಲಿಯೇ ಡೆಸ್ಟೆಯ ದುರ್ದೈವದ ಮರ್ಮವಿರುವುದು. ಫ್ಲಾರೆನ್ಸಿನ ವೈದ್ಯನು ಕಣ್ಣನ್ನು ಕಂಡನು, ಲಂಡನ್ನಿನವರು ಕಾಲನ್ನು ಕಂಡರು, ಊಟೆಗಳ ಬಳಿಯ ವೈದ್ಯರು ಒಂದು ಋತುವಿನ ಮಟ್ಟಿಗೆ ಕಂಡರು. ಇಪ್ಪತ್ತನಾಲ್ಕು ವರ್ಷಗಳ ಕಥೆಯನ್ನು ಸಂಪೂರ್ಣವಾಗಿ ಬಲ್ಲವನು ರೋಗಿಯೊಬ್ಬನೇ. ದಿನಚರಿಯು ಕೇವಲ ದುಃಖದ ನಿವೇದನೆಯಾಗದೆ ಶಾಸ್ತ್ರಸಾಮಗ್ರಿಯಾದುದು ಈ ಕಾರಣದಿಂದ. ಇದಕ್ಕೆ ವಿಪರೀತವಾದ ಸನ್ನಿವೇಶವು ಪ್ಯಾರಿಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿದ್ದಿತು. ಅಲ್ಲಿ ದಿಕ್ಕಿಲ್ಲದ ಬಡ ಹೆಂಗಸರು ಸಾವಿರಾರು ಮಂದಿ ವರ್ಷಗಟ್ಟಲೆ ಒಂದೇ ಛಾವಣಿಯ ಕೆಳಗೆ ಇರುತ್ತಿದ್ದರು. ಜೀವಂತರಾಗಿರುವಾಗ ಅವರ ಲಕ್ಷಣಗಳನ್ನೂ, ಸತ್ತ ಬಳಿಕ ಅವರ ಮಿದುಳು ಬೆನ್ನುಹುರಿಗಳನ್ನೂ ಒಬ್ಬರೇ ವೈದ್ಯರು ಪರೀಕ್ಷಿಸುತ್ತಿದ್ದರು. ವುಲ್ಪಿಯಾನನು 1866ರಲ್ಲಿಯೂ, ಝಾಂ ಮಾರ್ಟಿನ್ ಶಾರ್ಕೋ ಎಂಬಾತನು 1868ರಲ್ಲಿಯೂ ಈ ವ್ಯಾಧಿಯನ್ನು ಪ್ರತ್ಯೇಕಿಸಿ ನಿರೂಪಿಸಿದುದು ಅಂತಹ ಪರಿಶೀಲನೆಯ ಫಲ. ರಾಜವಂಶದ ರೋಗಿಗೆ ದೊರೆಯದಿದ್ದ ನಿರಂತರವಾದ ವೈದ್ಯದೃಷ್ಟಿಯು ದರಿದ್ರರಿಗೆ ದೊರೆತಿತು. ಆದರೆ ಅವರ ಸ್ವಂತ ಮಾತುಗಳು ಉಳಿಯಲಿಲ್ಲ.

ಅದಕ್ಕೂ ಹಿಂದೆಯೇ ರೋಗದ ಗುರುತುಗಳು ಶವಪರೀಕ್ಷೆಯಲ್ಲಿ ಕಂಡಿದ್ದವು. ಪ್ಯಾರಿಸಿನ ಕ್ರುವೇಲ್ಯೇ ಎಂಬಾತನು 1829ರಿಂದ 1842ರವರೆಗೆ ಭಾಗಭಾಗವಾಗಿ ಹೊರತಂದ ಚಿತ್ರಸಂಪುಟದಲ್ಲಿಯೂ, ರಾಬರ್ಟ್ ಕಾರ್ಸ್‌ವೆಲ್ಲನು 1838ರಲ್ಲಿ ಪ್ರಕಟಿಸಿದ ಚಿತ್ರಗ್ರಂಥದಲ್ಲಿಯೂ ಬೆನ್ನುಹುರಿಯಲ್ಲಿ ಅಲ್ಲಲ್ಲಿ ಮೂಡಿದ ಗಡುಸಾದ ಕಲೆಗಳು ಚಿತ್ರಿತವಾಗಿವೆ. ಕಾರ್ಸ್‌ವೆಲ್ಲನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದವನು. ಒಂದೇ ನಗರದಲ್ಲಿ ಒಬ್ಬನ ಕೈಯಲ್ಲಿ ರೋಗದ ಚಿತ್ರ, ಮತ್ತೊಬ್ಬನ ಕೈಯಲ್ಲಿ ರೋಗದ ಕಥೆ. ಎರಡನ್ನೂ ಒಂದೆಡೆ ಇಟ್ಟು ನೋಡುವವರು ಯಾರೂ ಇರಲಿಲ್ಲ.

1848ನೆಯ ಇಸವಿ ಡಿಸೆಂಬರ್ ತಿಂಗಳಿನಲ್ಲಿ ಡೆಸ್ಟೆಯು ಮರಣಹೊಂದಿದನು. ಇಂದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ ಸಂಸ್ಥೆಯ ಸಂಗ್ರಹದಲ್ಲಿರುವ ಅವನ ಕಾಗದಗಳನ್ನು ಡಗ್ಲಸ್ ಫರ್ತ್ ಎಂಬ ವೈದ್ಯನು ಪರಿಶೋಧಿಸಿ, 1941ರಲ್ಲಿ ಲೇಖನವಾಗಿಯೂ, ಮರಣದ ನೂರನೆಯ ವರ್ಷವಾದ 1948ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದನು. ಬರವಣಿಗೆಯನ್ನೇ ಆಧರಿಸಿ ಶತಮಾನದ ಅನಂತರ ರೋಗನಿರ್ಣಯ ಮಾಡುವುದು ಸಾಧುವೇ ಎಂಬ ಆಕ್ಷೇಪವು ಸಹಜವಾದುದು. ಕಣ್ಣನ್ನೂ ಬೆನ್ನುಹುರಿಯನ್ನೂ ಕೂಡಿಯೇ ಬಾಧಿಸುವ ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ಬೇರೊಂದು ವ್ಯಾಧಿಯುಂಟು. ಅದನ್ನು ರಕ್ತಪರೀಕ್ಷೆಯಿಂದ ಗುರುತಿಸುವ ಕ್ರಮವು 2004ರಲ್ಲಿ ತಿಳಿದುಬಂದಿತು, ಡೆಸ್ಟೆಗೆ ಅದನ್ನು ಅನ್ವಯಿಸುವಂತಿಲ್ಲ. ಆದರೆ ಆ ವ್ಯಾಧಿಯ ಹೊಡೆತಗಳು ಸಾಮಾನ್ಯವಾಗಿ ತೀವ್ರವಾಗಿದ್ದು ಅಪೂರ್ಣವಾಗಿ ಮಾತ್ರ ಗುಣವಾಗುತ್ತವೆ. ಹೊಡೆತಗಳಿಲ್ಲದ ಅವಧಿಯಲ್ಲಿ ಮೆಲ್ಲಮೆಲ್ಲನೆ ಕ್ಷೀಣಿಸುವ ಗತಿ ಅದರಲ್ಲಿ ಅಪರೂಪ. ಮೊದಲು ಪೂರ್ಣವಾದ ಚೇತರಿಕೆ, ದ್ವಿದೃಷ್ಟಿ, ಕಡೆಯಲ್ಲಿ ವರ್ಷಗಟ್ಟಲೆ ನಿಧಾನವಾದ ಕ್ಷಯ, ಇವು ಮೂರೂ ಸೇರಿ ಫರ್ತನ ನಿರ್ಣಯವನ್ನೇ ಸಮರ್ಥಿಸುತ್ತವೆ. ನರತಂತುಗಳನ್ನು ಮುಸುಕಿರುವ ಮಯಲಿನ್ ಎಂಬ ಪೊರೆಯನ್ನು ದೇಹದ ರಕ್ಷಣಾಶಕ್ತಿಯೇ ಹಾಳುಗೆಡಹುವುದು ಈ ವ್ಯಾಧಿಯಲ್ಲಿ ನಡೆಯುವ ಕ್ರಿಯೆ; ಎಪ್‌ಸ್ಟೈನ್ ಬಾರ್ ವೈರಸ್ಸಿನ ಸೋಂಕಿಗೂ ಇದಕ್ಕೂ ಇರುವ ನಿಕಟಸಂಬಂಧವು ಅಮೆರಿಕದ ಸೈನಿಕರ ರಕ್ತಪರೀಕ್ಷೆಯ ಆಧಾರದಿಂದ 2022ರಲ್ಲಿ ಪ್ರಕಟವಾಯಿತು. ಹೊಡೆತಗಳನ್ನು ಕಡಮೆಮಾಡುವ ಇಂಟರ್‌ಫೆರಾನ್ ಔಷಧವು ಬಳಕೆಗೆ ಬಂದುದು 1993ರಲ್ಲಿ.

ಹೆಸರು ದೊರೆತ ಮಾತ್ರಕ್ಕೆ ರೋಗಿಯ ಏಕಾಂತವು ನೀಗಿತೆಂದು ಭಾವಿಸಲಾಗದು. ಇದಕ್ಕೆ ನಿದರ್ಶನವಾಗಿ ಬಾರ್ಬೆಲಿಯನ್ ಎಂಬ ಕಾವ್ಯನಾಮದಿಂದ ಬರೆದ ಬ್ರೂಸ್ ಕಮಿಂಗ್ಸನ ವೃತ್ತಾಂತವನ್ನು ಹೇಳಬಹುದು. 1889ರಲ್ಲಿ ಡೆವನ್ ಪ್ರಾಂತದಲ್ಲಿ ಹುಟ್ಟಿದ ಈತನು ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಕೃತಿವಿಜ್ಞಾನ ಶಾಖೆಯಲ್ಲಿ ಉದ್ಯೋಗದಲ್ಲಿದ್ದನು. ಬಾಲ್ಯದಿಂದಲೂ ದಿನಚರಿಯನ್ನು ಬರೆಯುತ್ತಿದ್ದವನು. ಅವನಿಗೂ ಕೈಕಾಲುಗಳ ಜೋಮು, ದೃಷ್ಟಿಯ ಮಸುಕು, ಕಾರಣ ತಿಳಿಯದ ಬಲಹೀನತೆ ಇವು ಬಂದು ಹೋಗುತ್ತಿದ್ದವು. ವೈದ್ಯರಿಗೆ ರೋಗವೇನೆಂಬುದು ತಿಳಿದಿದ್ದಿತು; ರೋಗಿಗೆ ಹೇಳಿರಲಿಲ್ಲ. 1915ನೆಯ ಇಸವಿ ನವೆಂಬರಿನಲ್ಲಿ ಸೈನ್ಯಭರ್ತಿಯ ಪರೀಕ್ಷೆಗೆ ಹೋದಾಗ ಅವನ ವೈದ್ಯನು ಮುದ್ರೆಹಾಕಿದ ಕಾಗದವೊಂದನ್ನು ಅವನ ಕೈಯಲ್ಲಿಯೇ ಕೊಟ್ಟಿದ್ದನು. ಸೈನ್ಯದ ವೈದ್ಯನು ಆ ಕಾಗದವನ್ನು ಕೇಳದೆಯೇ ಅವನನ್ನು ಅನರ್ಹನೆಂದು ತಳ್ಳಿಹಾಕಿದನು. ಹಿಂದಿರುಗುವಾಗ ರೈಲುಗಾಡಿಯಲ್ಲಿ ಕಮಿಂಗ್ಸನು ಅದನ್ನು ತಾನೇ ಒಡೆದು ಓದಿಕೊಂಡನು. ಎರಡು ತಿಂಗಳ ಹಿಂದೆಯಷ್ಟೇ ಅವನ ವಿವಾಹವಾಗಿದ್ದಿತು. ತಿಳಿದ ಸಂಗತಿಯನ್ನು ಹೆಂಡತಿಯಿಂದ ಮರೆಮಾಡಿದನು. ಆಕೆಗಾದರೋ ವಿವಾಹಕ್ಕೆ ಮುಂಚೆಯೇ ಎಲ್ಲವೂ ತಿಳಿದಿದ್ದಿತು, ಆಕೆಯೂ ಅವನಿಂದ ಮರೆಮಾಡಿದ್ದಳು. ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಒಂದೇ ಗುಟ್ಟನ್ನು ಕಾಯುತ್ತ ಅವರು ಬಹುಕಾಲ ಕಳೆದರು. ಹೆಚ್. ಜಿ. ವೆಲ್ಸನ ಪೀಠಿಕೆಯೊಡನೆ ದಿನಚರಿಯು 1919ರಲ್ಲಿ ಅಚ್ಚಾದಾಗ ಅದು ವೆಲ್ಸನದೇ ಕಲ್ಪನೆಯೆಂದು ಕೆಲವರು ಶಂಕಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಕಮಿಂಗ್ಸನು ತೀರಿಕೊಂಡನು.

ಈ ಎರಡು ದಿನಚರಿಗಳ ಧಾಟಿಯು ಬೇರೆಬೇರೆ. ಕಮಿಂಗ್ಸನು ಸಾಹಿತಿ, ಕೋಪ, ಹಾಸ್ಯ, ಆತ್ಮಾಭಿಮಾನಗಳಿಂದ ಅವನ ಬರವಣಿಗೆಯು ಕಾವೇರಿದುದು. ಡೆಸ್ಟೆಯದು ಸೈನಿಕನ ಲೆಕ್ಕಪತ್ರದಂತಹ ಶೈಲಿ. ದಿನ, ಸ್ಥಳ, ಲಕ್ಷಣ, ಸೇವಿಸಿದ ಪದಾರ್ಥ, ಅದರಿಂದಾದ ಫಲ. ಶಾಸ್ತ್ರಜ್ಞನು ಎರಡನೆಯದನ್ನೇ ಮೆಚ್ಚುವನು. ಆದರೂ ಆ ಒಣ ಟಿಪ್ಪಣಿಗಳ ನಡುವೆ ದೈವಾನುಗ್ರಹದಿಂದ ಚೇತರಿಸಿಕೊಳ್ಳುವೆನೆಂಬ ಆಶೆಯು ಕಡೆಯವರೆಗೂ ಅಲ್ಲಲ್ಲಿ ಇಣಿಕಿನೋಡುತ್ತದೆ. ರೋಗದ ಮುಂದಿನ ಗತಿಯನ್ನು ಬಲ್ಲ ಇಂದಿನ ಓದುಗನಿಗೆ ಆ ಸ್ಥಳಗಳನ್ನು ದಾಟಿಹೋಗುವುದು ಕಷ್ಟ.

ಡೆಸ್ಟೆಯ ದೇಹವನ್ನು ರ್‍ಯಾಮ್ಸ್‌ಗೇಟಿನ ಸೇಂಟ್ ಲಾರೆನ್ಸ್ ದೇವಾಲಯದ ಆವರಣದಲ್ಲಿ ತಾಯಿಯ ಸಮಾಧಿಯಲ್ಲಿಯೇ ಇರಿಸಲಾಯಿತು. 1845ರಲ್ಲಿ ಥಾಮಸ್ ವೈಲ್ಡ್ ಎಂಬ ನ್ಯಾಯವಾದಿಯನ್ನು ವಿವಾಹವಾಗಿ, ಮುಂದೆ ಲೇಡಿ ಟ್ರೂರೋ ಎನಿಸಿದ ಅವನ ತಂಗಿಯು 1866ನೆಯ ಇಸವಿಯವರೆಗೆ ಜೀವಿಸಿದ್ದಳು. ಅಣ್ಣನ ವ್ಯಾಧಿಗೆ ಪ್ಯಾರಿಸಿನಲ್ಲಿ ವುಲ್ಪಿಯಾನನು ಹೆಸರನ್ನು ಕೊಟ್ಟುದು ಆ ವರ್ಷವೇ.